ಟರ್ಬೋ ಹೋಗಿದೆ ಅಂದ ಕೂಡಲೇ ಓಕೆ ಅನ್ನಬೇಡಿ

ಡೀಸೆಲ್ ಕಾರು ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. 62,000 ರೂಪಾಯಿ ಕಳೆದುಕೊಂಡು ಬರೆಯುತ್ತಿದ್ದೇನೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ಹೋದ ತಿಂಗಳು ಶಿರಾಡಿ ಘಾಟ್ ಹತ್ತುವಾಗ ಇದ್ದಕ್ಕಿದ್ದ ಹಾಗೆ ಪಿಕಪ್ ಹೋಯಿತು. ಇಂಜಿನ್ ಲೈಟ್ ಬಂತು. ಎಷ್ಟು ತುಳಿದರೂ 3000 ಆರ್‌ಪಿಎಂ ದಾಟಲಿಲ್ಲ. ಹಿಂದೆ ಲಾರಿಗಳ ಹಾರನ್, ಪಕ್ಕದಲ್ಲಿ ಹೆದರಿ ಕೂತ ಅಮ್ಮ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ದೂರ ಸರಿ, ಆಮೇಲೆ ಮತ್ತದೇ.

ಬೆಂಗಳೂರಿಗೆ ಬಂದು ಗ್ಯಾರೇಜಿಗೆ ಬಿಟ್ಟೆ. ಸ್ಕ್ಯಾನರ್ ಹಾಕಿದರು, ಪಿ0299 ಅಂತ ಎರರ್ ಕೋಡ್ ಬಂತು. "ಟರ್ಬೋ ಹೋಗಿದೆ ಸಾರ್, ಹೊಸದೇ ಹಾಕಬೇಕು. ನೋಡಿ, ಸ್ಕ್ಯಾನರೇ ಹೇಳ್ತಿದೆ." ನಾನು ಓಕೆ ಅಂದುಬಿಟ್ಟೆ.

ಸ್ಕ್ಯಾನರ್ ಹಾಗೆ ಹೇಳಿರಲೇ ಇಲ್ಲ! ಆ ಕೋಡ್‌ಗೆ ಬೂಸ್ಟ್, ಅಂದರೆ ಟರ್ಬೋ ಇಂಜಿನ್‌ಗೆ ತುಂಬುವ ಗಾಳಿಯ ಒತ್ತಡ, ಸಾಲುತ್ತಿಲ್ಲ ಅಂತ ಅಷ್ಟೇ ಅರ್ಥ. ಯಾಕೆ ಸಾಲುತ್ತಿಲ್ಲ ಅಂತ ಹುಡುಕುವುದು ಮೆಕ್ಯಾನಿಕ್ ಕೆಲಸ, ಅಲ್ವಾ?

ಟರ್ಬೋ ಬದಲಾಯಿಸಿ ನಾಲ್ಕೇ ದಿನ. ನೆಲಮಂಗಲ ಫ್ಲೈಓವರ್ ಮೇಲೆ ಮತ್ತೆ ಅದೇ ಲೈಟ್, ಅದೇ ಕೋಡ್. ವಾಪಸ್ ಹೋದರೆ, "ಹಾಗಾದ್ರೆ ಇಸಿಯು ಹೋಗಿರಬೇಕು ಸಾರ್, ಇನ್ನೊಂದು 40 ಸಾವಿರ ಆಗತ್ತೆ" ಅಂದರು. ಇಸಿಯು ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್. ಕಾರು ತೆಗೆದುಕೊಂಡು ಹೊರಟೆ.

ಗೆಳೆಯ ಹೇಳಿದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು. ಸ್ಕ್ಯಾನರ್‌ನಲ್ಲಿ ಎರಡು ನಂಬರ್ ತೋರಿಸಿದರು. ಒಂದು ಇಸಿಯು ಕೇಳುತ್ತಿರುವ ಬೂಸ್ಟ್, ಇನ್ನೊಂದು ಗಾಳಿಯ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಅಳೆದ ಬೂಸ್ಟ್. ಕಡಿಮೆ ಬಿದ್ದರೆ ಇಸಿಯು ಸೊಲೆನಾಯ್ಡ್ ಅನ್ನುವ ಕರೆಂಟಿನ ವಾಲ್ವ್ ಮೂಲಕ ಟರ್ಬೋಗೆ ವ್ಯಾಕ್ಯೂಮ್ (ಗಾಳಿ ಹೀರುವ ಎಳೆತ) ಜಾಸ್ತಿ ಕೊಡುತ್ತದೆ. ಆ ವ್ಯಾಕ್ಯೂಮ್ ಒಂದು ರಾಡ್ ಎಳೆದು ಟರ್ಬೋ ಒಳಗಿನ ರೆಕ್ಕೆಗಳನ್ನು ತಿರುಗಿಸುತ್ತದೆ. ಆದರೂ ಬೂಸ್ಟ್ ಬರದಿದ್ದರೆ ಲಿಂಪ್ ಮೋಡ್, ಅಂದರೆ ಇಂಜಿನ್ ಹಾಳಾಗದಂತೆ ಇಸಿಯುವೇ ಪವರ್ ಕಡಿಮೆ ಮಾಡಿಬಿಡುತ್ತದೆ. ಅವರು ವ್ಯಾಕ್ಯೂಮ್ ಕೊಡುವ ಹ್ಯಾಂಡ್ ಪಂಪ್ ನೇರವಾಗಿ ಟರ್ಬೋಗೆ ಹಾಕಿ ಒತ್ತಿದರು, ರಾಡ್ ಸರಾಗವಾಗಿ ಸರಿಯಿತು. ಅದೇ ಪಂಪ್ ಟರ್ಬೋಗೆ ವ್ಯಾಕ್ಯೂಮ್ ತರುವ ಹಳೇ ಟ್ಯೂಬ್ ಮೂಲಕ ಒತ್ತಿದರೆ ರಾಡ್ ಅಲುಗಲೇ ಇಲ್ಲ. ಟ್ಯೂಬ್ ಕಿತ್ತು ಬಗ್ಗಿಸಿ ನನ್ನ ಕೈಗೆ ಕೊಟ್ಟರು. ಉಗುರಿನಷ್ಟು ಉದ್ದದ ಬಿರುಕು. 180 ರೂಪಾಯಿ ಟ್ಯೂಬ್. ಇಪ್ಪತ್ತು ನಿಮಿಷದ ಕೆಲಸ.

ಅದನ್ನು ಹಿಡಿದುಕೊಂಡು ನಿಂತಾಗ ಎಷ್ಟು ನಾಚಿಕೆಯಾಯಿತು ಅಂದರೆ ಹೇಳಲಾರೆ. 180 ರೂಪಾಯಿ! ಅಲ್ಲಿಂದಲೇ ಆ ಗ್ಯಾರೇಜಿಗೆ ಫೋನ್ ಮಾಡಿದೆ.

"ಟರ್ಬೋನೂ ವೀಕ್ ಇತ್ತು ಸಾರ್."

"ಹಾಗಾದ್ರೆ ಹಳೇ ಟರ್ಬೋ ಕೊಡಿ, ತೋರಿಸ್ತೀನಿ."

"ಅದು ಸ್ಕ್ರ್ಯಾಪ್‌ಗೆ ಹೋಯ್ತು."

"ಒಂದು ವಾರ ಆಗಿಲ್ಲ, ಅಷ್ಟು ಬೇಗನಾ?"

"ಸಾರ್, ನೀವೇ ತಾನೇ ಓಕೆ ಅಂದಿದ್ದು?"

ಈ ಕೊನೆಯ ಮಾತು ಇವತ್ತಿಗೂ ಚುಚ್ಚುತ್ತದೆ. ಓಕೆ ಅಂದಿದ್ದು ನಾನೇ, ನಿಜ. ಆದರೆ ಅವರನ್ನು ನಂಬಿ ಅಂದಿದ್ದು.

ಟ್ಯೂಬ್, ಸೊಲೆನಾಯ್ಡ್, ಇಂಟರ್‌ಕೂಲರ್ (ಟರ್ಬೋದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಪೈಪ್, ಯಾವುದು ಕೆಟ್ಟರೂ ಇದೇ ಕೋಡ್ ಬರಬಹುದು. ನನ್ನ ಕಾರಿನ ಹಾಗೆ ವ್ಯಾಕ್ಯೂಮ್‌ನಿಂದ ನಡೆಯುವ ಟರ್ಬೋ ಆದರೆ ಹ್ಯಾಂಡ್ ಪಂಪ್ ಹಾಕಿ ನಿಮ್ಮ ಕಣ್ಣೆದುರೇ ತೋರಿಸಲಿ. ತೋರಿಸಲ್ಲ ಅಂದರೆ ಕೀ ಇಸಿದುಕೊಂಡು ಬನ್ನಿ. ಹಳೇ ಪಾರ್ಟ್ ಡಿಕ್ಕಿಗೆ ಬೀಳುವ ತನಕ ಒಂದು ರೂಪಾಯಿ ಕೊಡಬೇಡಿ.