ಜೀಪಿನ ಕ್ರಾಸ್ ಬದಲಾಯಿಸಿದ ಮೇಲೆ ಗುಂಯ್ ಅಂದರೆ, ಮೊದಲೇ ಡಿಫ್ ಬಿಚ್ಚಿಸಬೇಡಿ

ನಮ್ಮದು ಹಳೆ ಜೀಪು. ತೋಟದಿಂದ ಮೂಡಿಗೆರೆ, ಮೂಡಿಗೆರೆಯಿಂದ ತೋಟ, ಅಷ್ಟೇ ಅದರ ಓಡಾಟ. ಮಳೆಗಾಲಕ್ಕೆ ಮುಂಚೆ, ಕ್ಲಚ್ ಬಿಟ್ಟಾಗಲೆಲ್ಲ ಅಡಿಯಿಂದ 'ಟಕ್' ಅನ್ನತೊಡಗಿತು. ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಅಲ್ಲಾಡಿಸಿದರೆ, ಅದರ ತುದಿಯ ಯುಜೆ ಕ್ರಾಸಿನಲ್ಲಿ (ಶಾಫ್ಟ್ ಓರೆಯಾಗಿದ್ದರೂ ತಿರುಗಲು ಬಿಡುವ ಕೀಲು) ಪ್ಲೇ, ಅಂದರೆ ಸಡಿಲ, ಬಂದಿತ್ತು. ಗ್ಯಾರೇಜಿಗೆ ಬಿಟ್ಟು ಹಿಂದಿನ ಶಾಫ್ಟಿಗೆ ಎರಡೂ ಹೊಸ ಕ್ರಾಸ್ ಹಾಕಿಸಿದೆ.

ಟಕ್ ಹೋಯಿತು. ಮಾರನೇ ದಿನವೇ 40 ದಾಟಿದರೆ ಗುಂಯ್ ಅಂತ ಹೊಸ ಸದ್ದು. 50ಕ್ಕೆ ಸೀಟೇ ನಡುಗಿ, ಕನ್ನಡಿಯಲ್ಲಿ ಹಿಂದಿನ ಬಸ್ಸು ಎರಡೆರಡಾಗಿ ಕಾಣುತ್ತಿತ್ತು.

"ಕ್ರಾಸ್ ಸರಿ ಇದೆ ಸಾರ್, ಡಿಫ್ ಹೋಗಿದೆ. ಇಷ್ಟು ದಿನ ಆ ಟಕ್ ಸದ್ದಲ್ಲಿ ನಿಮಗೆ ಗೊತ್ತಾಗಿಲ್ಲ" ಅಂದರು ಗ್ಯಾರೇಜಿನವರು. ಡಿಫ್ ಅಂದರೆ ಹಿಂದಿನ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್, ಶಾಫ್ಟ್ ಅದರೊಳಗೆ ತಿರುಗಿಸುವ ಚಿಕ್ಕ ಗೇರು ಪಿನಿಯನ್. ನಂಬಿದೆ. ಪಿನಿಯನ್ ಬೇರಿಂಗ್, ಸೀಲ್, ಆಯಿಲ್, ಕೂಲಿ ಸೇರಿ 9,400 ರೂಪಾಯಿ. ಸದ್ದು ಮಾತ್ರ ಇದ್ದ ಹಾಗೇ ಇತ್ತು.

ಕೊನೆಗೆ ಕೊಟ್ಟಿಗೆಹಾರದ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ ಪಕ್ಕದಲ್ಲಿ ಕೂತು ಓಡಿಸಲು ಹೇಳಿದರು. ಮಟ್ಟಸ ರಸ್ತೆಯಲ್ಲಿ 45ಕ್ಕೆ ನ್ಯೂಟ್ರಲ್ ಮಾಡಿಸಿದರು. ಇಂಜಿನ್ ಸದ್ದು ಇಳಿದರೂ ಗುಂಯ್ ನಿಲ್ಲಲಿಲ್ಲ, ಅಂದರೆ ಅದು ಇಂಜಿನ್ನಿನದಲ್ಲ. ಆಮೇಲೆ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿಸಿ, ಬಿಡಿಸಿ ಕೇಳಿದರು. ಪಿನಿಯನ್ ಸದ್ದಾದರೆ ಒತ್ತಿದಾಗ ಒಂದು ರೀತಿ, ಬಿಟ್ಟಾಗ ಇನ್ನೊಂದು ರೀತಿ ಇರೋದು ಜಾಸ್ತಿ. ನಮ್ಮದು ಎರಡಕ್ಕೂ ಒಂದೇ ರಾಗ.

"ಬಿಚ್ಚುವಾಗ ಗುರುತು ಹಾಕಿದ್ರಾ ಮಾರಾಯ್ರೇ?" ಅಂತ ಕೇಳಿ, ಅಡಿಗೆ ನುಗ್ಗಿ ಸ್ಲಿಪ್ ಜಾಯಿಂಟಿನ (ಶಾಫ್ಟ್ ಉದ್ದ-ಗಿಡ್ಡ ಆಗಲು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಕೆಸರು ಒರೆಸಿದರು. ಶಾಫ್ಟಿನ ಮೇಲೊಂದು ಬಾಣ, ಕ್ರಾಸನ್ನು ಹಿಡಿಯುವ ಕವೆ, ಅಂದರೆ ಯೋಕಿನ ಮೇಲೊಂದು ಬಾಣ. ಎರಡೂ ಎದುರುಬದುರು ಇರಬೇಕಿತ್ತು. ಮೂರು ಹಲ್ಲು ಆಚೆ ಕೂತಿತ್ತು!

ವಿಷಯ ಇಷ್ಟೇ. ಶಾಫ್ಟ್ ಓರೆಯಾಗಿ ತಿರುಗುವಾಗ ಕ್ರಾಸು ಒಂದೇ ಸಮ ತಿರುಗುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಮುಂದೆ ಓಡುತ್ತೆ, ಎರಡು ಸಲ ಹಿಂದೆ ಬೀಳುತ್ತೆ. ಶಾಫ್ಟಿನ ಎರಡೂ ತುದಿಯ ಯೋಕು ಒಂದೇ ಸಾಲಿನಲ್ಲಿದ್ದರೆ ಮುಂದಿನ ಕ್ರಾಸಿನ ಏರುಪೇರನ್ನು ಹಿಂದಿನದು ಸರಿಮಾಡುತ್ತೆ. ಸಾಲು ತಪ್ಪಿದರೆ ನಡುಕ.

ಬಾಣ ಕೂಡಿಸಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಉಳಿದಿದ್ದು ಹಿಂದಿನ ಕ್ರಾಸಿನಲ್ಲಿತ್ತು. ಕೈಯಲ್ಲಿ ಆಡಿಸಿದರೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ಬಿಗಿ. ಕ್ರಾಸಿನ ತುದಿಗೆ ಕೂರುವ ಬೇರಿಂಗ್ ಕಪ್ ತೆಗೆದರೆ ತಳದಲ್ಲಿ ಒಂದು ನೀಡಲ್, ಅಂದರೆ ಸೂಜಿಯಂಥ ರೋಲರ್, ಅಡ್ಡ ಬಿದ್ದು ಬಾಗಿತ್ತು. ಅದರಿಂದ ಕಪ್ ಪೂರ್ತಿ ಒಳಗೆ ಹೋಗಿರಲಿಲ್ಲ, ಕಪ್ ಹೊರಬರದಂತೆ ಹಿಡಿಯುವ ಲಾಕನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದ್ದರು. ಲಾಕ್ ತಾನಾಗಿ ಗ್ರೂವಿಗೆ ಕೂರಲಿಲ್ಲ ಅಂದರೆ ಅಲ್ಲೇ ಕೆಲಸ ನಿಲ್ಲಿಸಿ.

ನೀವೇ ಮಾಡುವುದಾದರೆ ಬಿಚ್ಚುವ ಮುಂಚೆ ಬಿಳಿ ಪೇಂಟಿನಲ್ಲಿ ಗೀಟು ಎಳೆಯಿರಿ. ಹಾಕಿದ ಮೇಲೆ ಗ್ರೀಸ್ ನಾಲ್ಕೂ ಕಪ್ಪಿನಿಂದ ಹೊರಬರುತ್ತಾ ನೋಡಿ. ಚಕ್ರಕ್ಕೆ ಕಲ್ಲು ಮರೆಯಬೇಡಿ. ಬಹಳಷ್ಟು ಹಳೆ ಜೀಪುಗಳ ಹ್ಯಾಂಡ್‌ಬ್ರೇಕ್ ಗೇರ್‌ಬಾಕ್ಸ್ ಹಿಂದಿನ ಡ್ರಮ್ಮಿನಲ್ಲಿರುತ್ತೆ. ಹಿಂದಿನ ಶಾಫ್ಟ್ ಕಳಚಿದರೆ ಅದು ಹಿಂದಿನ ಚಕ್ರ ಹಿಡಿಯೋದೇ ಇಲ್ಲ.

ಈ ಸಲದ ಖರ್ಚು ಒಂದು ಕ್ರಾಸು, 600 ರೂಪಾಯಿ ಕೂಲಿ. ಗುಂಯ್ ಪೂರ್ತಿ ಹೋಗಿದೆ. ಸುಮ್ನೆ ಬಿಚ್ಚಿಸಿದ ಡಿಫ್ ಮಾತ್ರ ಈಗ ಹೊಸ ಸೀಲಿನಿಂದಲೇ ಆಯಿಲ್ ತೊಟ್ಟಿಕ್ಕಿಸುತ್ತಿದೆ, ಶೆಡ್ಡಿನಲ್ಲಿ ಅದರ ಕೆಳಗೆ ತಗಡಿನ ಡಬ್ಬ ಇಟ್ಟಿದ್ದೇನೆ.