ಜಪಾನ್ ನಕ್ಷೆಯ ಪಜಲ್: 47ರಲ್ಲಿ ಒಂದು ತುಂಡು ಕಾಣೆ

ಮಗಳ ಹುಟ್ಟುಹಬ್ಬಕ್ಕೆ ಅಂತ ಮಂಗಳೂರಿನ ಒಂದು ಆಟಿಕೆ ಅಂಗಡಿಯಿಂದ ಈ ಮರದ ಪಜಲ್ ತಂದೆ. 1,150 ರೂಪಾಯಿ. ಜಪಾನಿನ ನಕ್ಷೆ, 47 ಪ್ರಿಫೆಕ್ಚರ್ (ಅಲ್ಲಿನ ಆಡಳಿತ ವಿಭಾಗ), 47 ತುಂಡು. ಕಟಪಾಡಿಯ ಮನೆಗೆ ಬಂದು ಡಬ್ಬ ಬಿಚ್ಚಿ ಎಣಿಸಿದರೆ 46! ಚಾಪೆ ಕೊಡವಿದ್ದಾಯಿತು, ಸೋಫಾದ ಅಡಿ ಗುಡಿಸಿದ್ದಾಯಿತು, ಬೆಕ್ಕಿನ ಮೇಲೂ ಅನುಮಾನ ಪಟ್ಟದ್ದಾಯಿತು. ಇಲ್ಲದ್ದು ಯಾವುದು ಅಂತ ನೋಡಿದರೆ ಕಗಾವಾ. ಎಲ್ಲಕ್ಕಿಂತ ಸಣ್ಣದು.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಮರ ಗಟ್ಟಿ ಉಂಟು, ಅಂಚು ನಯವಾಗಿದೆ, ಬಾಯಿಗೆ ಹಾಕಿದರೂ ಬಣ್ಣ ಬಿಡುವುದಿಲ್ಲ (ನಮ್ಮ ಸಣ್ಣವನು ಪರೀಕ್ಷೆ ಮಾಡಿದ್ದಾನೆ). ಒಕಿನಾವಾವನ್ನು ಜಾಗ ಸಾಲದೆ ಮೂಲೆಯ ಚೌಕದಲ್ಲಿ ಕೂರಿಸಿದ್ದಾರೆ, ಅದು ನಿಜಕ್ಕೂ ಇರುವುದು ನೈಋತ್ಯಕ್ಕೆ ತುಂಬಾ ದೂರದಲ್ಲಿ ಅಂತ ಮಕ್ಕಳಿಗೆ ನಾವೇ ಹೇಳಬೇಕು.

ಪುಸ್ತಿಕೆ ಮಾತ್ರ ದಂಡ. ಪ್ರಿಫೆಕ್ಚರ್ ಅಂದರೆ ಜಿಲ್ಲೆ ಅಂತ ಒಂದೇ ಸಾಲಲ್ಲಿ ಮುಗಿಸಿದ್ದಾರೆ. ಹಾಗಲ್ಲ ಮಾರಾಯ್ರೆ. ನಮ್ಮ ಡಿಸಿಯನ್ನು ಸರ್ಕಾರ ನೇಮಿಸುತ್ತದೆ. ಅಲ್ಲಿ ಗವರ್ನರನ್ನು ಜನರೇ ನೇರವಾಗಿ ಓಟು ಹಾಕಿ 4 ವರ್ಷಕ್ಕೆ ಆರಿಸುತ್ತಾರೆ, ಜೊತೆಗೆ ಆರಿಸಿ ಬಂದವರದ್ದೇ ಒಂದು ಸಭೆಯೂ ಉಂಟು. ಹಾಗಂತ ನಮ್ಮ ರಾಜ್ಯದಷ್ಟು ಅಧಿಕಾರವೂ ಇಲ್ಲ, ದೇಶದ ಕಾನೂನು ಮೀರದ ಹಾಗೆ ತಮ್ಮ ನಿಯಮ ಮಾಡಿಕೊಳ್ಳಬಹುದು ಅಷ್ಟೇ. ಎಲ್ಲದಕ್ಕೂ ಒಂದೇ ಹೆಸರಿಲ್ಲ ಅನ್ನುವುದೂ ಪುಸ್ತಿಕೆಯಲ್ಲಿಲ್ಲ: ಟೋಕಿಯೋ 'ತೊ', ಹೊಕ್ಕೈಡೋ 'ದೊ', ಒಸಾಕಾ ಮತ್ತು ಕ್ಯೋಟೊ 'ಫು', ಉಳಿದ 43 'ಕೆನ್'.

ಕಾಣೆಯಾದ ತುಂಡಿನ ಮೇಲಿನ ಸಿಟ್ಟಿಗೆ ಕಗಾವಾದ ಬಗ್ಗೆ ಹುಡುಕಿ ಓದಿದೆ. ನೋಡಿದರೆ ಅದು ನಕ್ಷೆಯಿಂದ ಕಾಣೆಯಾಗುವುದು ಇದೇ ಮೊದಲಲ್ಲ! ಹಳೇ ಹೆಸರು ಸಾನುಕಿ. 1871ರಲ್ಲಿ ಜಪಾನಿನವರು ಪಾಳೆಯಗಳನ್ನೆಲ್ಲ ರದ್ದು ಮಾಡಿ ಪ್ರಿಫೆಕ್ಚರ್ ಮಾಡಿದಾಗ ಇದೂ ಒಂದಾಯಿತು, ತಕಾಮತ್ಸು ಊರಿದ್ದ ಕಗಾವಾ ಎಂಬ ತಾಲೂಕಿನಂಥ ಭಾಗದ ಹೆಸರನ್ನೇ ಇಡೀ ಪ್ರಿಫೆಕ್ಚರ್‌ಗೆ ಇಟ್ಟರು. 1873ರಲ್ಲಿ ಪಕ್ಕದ ಮ್ಯೋದೊಗೆ ಸೇರಿಸಿದರು. 1875ರಲ್ಲಿ ಬಿಡಿಸಿದರು. ಒಂದು ವರ್ಷ ಕಳೆಯುವಷ್ಟರಲ್ಲಿ, 1876ರಲ್ಲಿ, ಎಹಿಮೆಗೆ ಸೇರಿಸಿದರು. ಎಹಿಮೆಯ ಕಚೇರಿ ಇದ್ದದ್ದು ದೂರದ ಮತ್ಸುಯಾಮಾದಲ್ಲಿ, ಇಲ್ಲಿನವರಿಗೆ ಅದು ಹಿಡಿಸಲೇ ಇಲ್ಲ. ಕೊನೆಗೆ 1888ರ ಡಿಸೆಂಬರ್ 3ಕ್ಕೆ ಮತ್ತೆ ಬೇರೆಯಾಗಿ ಮೂರನೇ ಸಲ ಪ್ರಿಫೆಕ್ಚರ್ ಆಯಿತು.

ಇದನ್ನು ಜೋರಾಗಿ ಓದುತ್ತಿದ್ದಾಗ ಮಾವ ಪೇಪರ್ ಕೆಳಗಿಟ್ಟರು. "ಅದರಲ್ಲಿ ಎಂತ ಉಂಟು? ನಾನು ಹುಟ್ಟಿದ್ದು ಮದ್ರಾಸ್ ರಾಜ್ಯದಲ್ಲಿ, ಶಾಲೆಗೆ ಹೋದದ್ದು ಮೈಸೂರು ರಾಜ್ಯದಲ್ಲಿ, ಕೆಲಸ ಮಾಡಿದ್ದು ಕರ್ನಾಟಕದ ದಕ್ಷಿಣ ಕನ್ನಡದಲ್ಲಿ, ಈಗ ಇರುವುದು ಉಡುಪಿ ಜಿಲ್ಲೆಯಲ್ಲಿ. ಮನೆ ಮಾತ್ರ ಇದೇ." ಸರಿ ಅಲ್ವಾ? 1997ರವರೆಗೆ ಬೈಂದೂರಿನವರೂ ಡಿಸಿ ಆಫೀಸಿಗೆ ಅಂತ ಮಂಗಳೂರಿಗೇ ಬಸ್ಸು ಹತ್ತಬೇಕಿತ್ತು. ಮತ್ಸುಯಾಮಾದ ಕಥೆ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಾತ್ರದಲ್ಲಿ ಕಗಾವಾ ಸುಮಾರು 1,877 ಚದರ ಕಿಲೋಮೀಟರ್, ಹೆಚ್ಚುಕಮ್ಮಿ ನಮ್ಮ ಉಡುಪಿ ಜಿಲ್ಲೆಯ ಅರ್ಧ. 2020ರ ಗಣತಿಯಲ್ಲಿ ಜನ 9.5 ಲಕ್ಷ. ನಮ್ಮ ಜಿಲ್ಲೆಯಲ್ಲಿ ಮೂರು ಇದ್ದ ತಾಲೂಕು ಒಡೆದು ಒಡೆದು ಏಳಾಯಿತು, ಅಲ್ಲಿ ಉಲ್ಟಾ: 43 ನಗರ-ಪಟ್ಟಣಗಳನ್ನು ಒಂದರೊಳಗೊಂದು ಸೇರಿಸಿ 17 ಮಾಡಿದ್ದಾರೆ, 8 ನಗರ, 9 ಪಟ್ಟಣ. ಹಳ್ಳಿ ಅಂತ ದಾಖಲೆಯಲ್ಲಿ ಒಂದೂ ಇಲ್ಲ. ತಾಲೂಕಿನಂಥ 'ಗುನ್' ಇವೆ, ಆದರೆ ಅದಕ್ಕೆ ಆಫೀಸೂ ಇಲ್ಲ ಅಧಿಕಾರಿಯೂ ಇಲ್ಲ, ಪಟ್ಟಣದವರು ವಿಳಾಸದಲ್ಲಿ ಬರೆದುಕೊಳ್ಳುತ್ತಾರೆ ಅಷ್ಟೇ. ತಹಶೀಲ್ದಾರರೇ ಇಲ್ಲದ ತಾಲೂಕು ಅಂದಾಗ ಮಾವನಿಗೆ ಸಿಕ್ಕಾಪಟ್ಟೆ ಖುಷಿ.

ಇನ್ನೊಂದು ದೂರು. ಶೋಡೋಶಿಮಾ ಮತ್ತು ನವೋಶಿಮಾ ದ್ವೀಪಗಳೂ ಕಗಾವಾಕ್ಕೆ ಸೇರಿದ್ದು. ಹಲಗೆಯ ಮೇಲೆ ಮೊದಲನೆಯದಕ್ಕೆ ಒಂದು ಚುಕ್ಕಿ ಇಟ್ಟಿದ್ದಾರೆ, ಎರಡನೆಯದು ಇಲ್ಲವೇ ಇಲ್ಲ. ನವೋಶಿಮಾ ಎದುರು ದಡದ ಒಕಾಯಾಮಾಕ್ಕೇ ಹತ್ತಿರ, ಆಡಳಿತ ಮಾತ್ರ ಕಗಾವಾದ್ದು. ಇಂಥ ವಿಚಿತ್ರಗಳನ್ನೇ ಅಲ್ವಾ ನಕ್ಷೆಯ ಪಜಲ್ ತೋರಿಸಬೇಕಾದ್ದು?

ಐದರಲ್ಲಿ ಮೂರು ಸ್ಟಾರ್. ಎಂಟು ವರ್ಷದ ಮೇಲಿನ ಮಕ್ಕಳಿಗೆ ತರಬಹುದು, ಆದರೆ ಅಂಗಡಿಯಲ್ಲೇ ನಿಂತು ಎಣಿಸಿ. ಫೋನ್ ಮಾಡಿದಾಗ ಅಂಗಡಿಯವರು ಜಗಳ ಮಾಡಲಿಲ್ಲ, ಒಂದೇ ತುಂಡು ಸಿಗುವುದಿಲ್ಲ, ಇಡೀ ಡಬ್ಬ ತಂದರೆ ಬದಲಿ ಕೊಡುತ್ತೇವೆ ಅಂದರು. ಅಷ್ಟರಲ್ಲಿ ಮಾವ ಅಡಿಕೆ ಹಾಳೆ ಕತ್ತರಿಸಿ ಒಂದು ಕಗಾವಾ ಮಾಡಿ ಕೂರಿಸಿದ್ದರು, ಎಹಿಮೆಯ ಕಡೆ ಸ್ವಲ್ಪ ಜಾಸ್ತಿಯೇ ಒತ್ತಿಕೊಂಡಿದೆ. ಈಗ ಡಬ್ಬ ವಾಪಸ್ ಕೊಡಲು ಮಗಳು ಒಪ್ಪುತ್ತಿಲ್ಲ.