ವಿಂಡೋಸ್ ಅಪ್‌ಡೇಟ್ ಕೂರದಿದ್ದರೆ: ಮಲೆನಾಡಿನ ನೆಟ್ಟಿಗೆ, ಕರೆಂಟಿಗೆ ಯಾವ ದಾರಿ ಒಗ್ಗುತ್ತದೆ?

ಮೂಡಿಗೆರೆ, ಸಕಲೇಶಪುರದ ಕಡೆ ಎಷ್ಟೋ ತೋಟದ ಮನೆಗಳ ಕಂಪ್ಯೂಟರಿಗೆ ನೆಟ್ ಸಿಗುವುದು ಮೊಬೈಲ್ ಹಾಟ್‌ಸ್ಪಾಟಿನಿಂದಲೇ. ಮಳೆಗಾಲದಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವಂತಿಲ್ಲ. ಅದಕ್ಕೇ ಇಲ್ಲಿ ಪ್ರತಿ ದಾರಿಯನ್ನೂ ಎಷ್ಟು ಡೇಟಾ ಎಳೆಯುತ್ತದೆ, ಎಷ್ಟು ಹೊತ್ತು ಕರೆಂಟ್ ಬೇಡುತ್ತದೆ ಎಂದು ಅಳೆದು ನೋಡಿದ್ದೇವೆ.

ಮೊದಲು ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ಎರರ್ ನಂಬರ್ 80070070 ಎಂದಿದ್ದರೆ ಸಿ ಡ್ರೈವಿನಲ್ಲಿ ಜಾಗವಿಲ್ಲ; 20 ಜಿಬಿಯಾದರೂ ಖಾಲಿ ಮಾಡಿ. ಎರರ್ ಇಲ್ಲದೆ ಡೌನ್‌ಲೋಡೇ ಶುರುವಾಗದಿದ್ದರೆ ಆ ವೈಫೈಗೆ ‘ಮೀಟರ್ಡ್ ಕನೆಕ್ಷನ್’ (ಡೇಟಾ ಉಳಿಸಲು ಡೌನ್‌ಲೋಡ್ ತಡೆಯುವ ಸೆಟ್ಟಿಂಗ್) ಆನ್ ಆಗಿರಬಹುದು, ಅದನ್ನು ಆಫ್ ಮಾಡಿ. ಅಲ್ಲಿಗೆ ರಿಪೇರಿಯೇ ಬೇಡ.

ವಿಂಡೋಸಿನದೇ ದೋಷ ಹುಡುಕುವ ಟ್ರಬಲ್‌ಶೂಟರ್ ಓಡಿಸಿದರೆ ನಷ್ಟವಿಲ್ಲ, ಹೆಚ್ಚು ನಿರೀಕ್ಷೆಯೂ ಬೇಡ.

ಇಳಿಸಿದ ಅಪ್‌ಡೇಟ್ ಫೈಲುಗಳು ಕೂರುವ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಿಸುವುದು ಐದು ನಿಮಿಷದ ಕೆಲಸ. ಹಿನ್ನೆಲೆಯಲ್ಲಿ ಓಡುವ ಕೆಲಸಗಳ ಪಟ್ಟಿಯಾದ ‘ಸರ್ವಿಸಸ್’ನಲ್ಲಿ ‘ವಿಂಡೋಸ್ ಅಪ್‌ಡೇಟ್’ ಮತ್ತು ಹಿನ್ನೆಲೆಯಲ್ಲೇ ಫೈಲ್ ಇಳಿಸುವ ‘ಬಿಟ್ಸ್’ ಎರಡನ್ನೂ ನಿಲ್ಲಿಸಿ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿರುವ ಅದರ ಹೆಸರಿನ ಕೊನೆಗೆ ‘ಓಲ್ಡ್’ ಸೇರಿಸಿ, ರೀಸ್ಟಾರ್ಟ್ ಮಾಡಿ. ಹೆಸರು ಬದಲಾಗಲು ಬಿಡದಿದ್ದರೆ ಸರ್ವಿಸ್ ತಾನಾಗಿ ಮತ್ತೆ ಎದ್ದಿರಬಹುದು, ಇನ್ನೊಮ್ಮೆ ನಿಲ್ಲಿಸಿ. ಕರೆಂಟ್ ಹೋಗಿ ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದ್ದರೆ ಇದೇ ಸರಿಯಾದ ಮದ್ದು. ಆದರೆ ಇಳಿಸಿದ್ದೆಲ್ಲ ಮತ್ತೆ ಮೊದಲಿಂದ ಇಳಿಯಬೇಕು. ದಿನದ ಡೇಟಾ 1.5 ಜಿಬಿ ಇರುವವರಿಗೆ ಇದು ದುಬಾರಿ.

ಸಿಸ್ಟಂ ಫೈಲುಗಳೇ ಕೆಟ್ಟಿದ್ದರೆ ಮೇಲಿನದರಿಂದ ಏನೂ ಆಗದು. ಆಗ ಅಡ್ಮಿನ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ವಿಂಡೋಸಿನದೇ ಎರಡು ರಿಪೇರಿ ಕಮಾಂಡ್‌ಗಳನ್ನು ಓಡಿಸಿ: ಮೊದಲು ಡಿಐಎಸ್‌ಎಂನ ‘ರಿಸ್ಟೋರ್‌ಹೆಲ್ತ್’, ಆಮೇಲೆ ಎಸ್‌ಎಫ್‌ಸಿಯ ‘ಸ್ಕ್ಯಾನ್‌ನೌ’. ಈ ಕ್ರಮ ತಪ್ಪಬಾರದು, ಯಾಕೆಂದರೆ ಎಸ್‌ಎಫ್‌ಸಿ ಒಳ್ಳೆಯ ಪ್ರತಿ ತರುವುದು ಡಿಐಎಸ್‌ಎಂ ಸರಿಮಾಡುವ, ವಿಂಡೋಸಿನ ಒಳಗೇ ಇರುವ ಫೈಲುಗಳ ಸಂಗ್ರಹದಿಂದ. 62.3 ಶೇಕಡಕ್ಕೆ ಬಂದು ಬಹಳ ಹೊತ್ತು ನಿಂತಂತೆ ಕಂಡರೂ ವಿಂಡೋ ಮುಚ್ಚಬೇಡಿ. ಇದರ ದೊಡ್ಡ ಕೊರತೆ ಏನೆಂದರೆ, ಫೈಲುಗಳನ್ನು ಡಿಐಎಸ್‌ಎಂ ಅಪ್‌ಡೇಟ್ ಸರ್ವರಿನಿಂದಲೇ ಕೇಳುತ್ತದೆ. ಕೆಟ್ಟಿರುವುದೇ ಆ ದಾರಿ! 081ಎಫ್ ಎಂದು ಮುಗಿಯುವ ಎರರ್ ಬಂದರೆ ಬೇಕಾದ ಫೈಲ್ ಸಿಗಲಿಲ್ಲ ಎಂದರ್ಥ.

ನಮ್ಮ ಆಯ್ಕೆ ಐಎಸ್‌ಒ, ಅಂದರೆ ಇಡೀ ವಿಂಡೋಸ್ ಸೆಟಪ್ ಅಡಗಿರುವ ಒಂದೇ ಫೈಲ್. 5 ಜಿಬಿಗೂ ಮಿಕ್ಕಿರುವ ಆ ಫೈಲನ್ನು ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಫೈಬರ್ ಇರುವ ಕಡೆ ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರೆ ಸಾಕು. ಪೆನ್‌ಡ್ರೈವಿನ ಫಾರ್ಮ್ಯಾಟ್ ಫ್ಯಾಟ್32 ಆಗಿದ್ದರೆ ಜಾಗವಿದ್ದರೂ ಕಾಪಿ ಆಗದು, ಅದರಲ್ಲಿ ಒಂದು ಫೈಲಿಗೆ 4 ಜಿಬಿಯೇ ಮಿತಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಐಎಸ್‌ಒವನ್ನು ಡೆಸ್ಕ್‌ಟಾಪಿಗೆ ಹಾಕಿ, ಡಬಲ್ ಕ್ಲಿಕ್ ಮಾಡಿ ಸೆಟಪ್ ನಡೆಸಿ. ಅಪ್‌ಡೇಟ್ ಇಳಿಸಲೇ ಎಂದು ಕೇಳಿದಾಗ ‘ಈಗ ಬೇಡ’ ಎನ್ನಿ. ಫೈಲು, ಆ್ಯಪ್ ಎರಡನ್ನೂ ಉಳಿಸಿಕೊಳ್ಳುವ ಆಯ್ಕೆ ಮಂಕಾಗಿದ್ದರೆ ಅಲ್ಲಿಗೇ ನಿಲ್ಲಿಸಿ: ಐಎಸ್‌ಒದ ಭಾಷೆಯೋ ಎಡಿಷನ್ನೋ (ಹೋಮ್, ಪ್ರೊ ಇತ್ಯಾದಿ) ಈಗಿರುವ ವಿಂಡೋಸಿಗೆ ಹೊಂದದಿರಬಹುದು. ಮುಂದುವರಿಸಿದರೆ ಟ್ಯಾಲಿಯಂಥ ಪ್ರೋಗ್ರಾಂಗಳೆಲ್ಲ ಹೋಗುತ್ತವೆ.

ಇದಕ್ಕೆ ಒಂದೆರಡು ಗಂಟೆ ಬಿಡದೆ ಕರೆಂಟ್ ಬೇಕು. ಡೆಸ್ಕ್‌ಟಾಪಿನ ಸಣ್ಣ ಯುಪಿಎಸ್ ಸಾಲದು, ಮನೆಯ ಇನ್ವರ್ಟರಿನ ಲೈನಿಗೆ ಹಾಕಿ. ಡ್ರೈವಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಹಳೆಯ ಸ್ಥಿತಿಗೆ ಮರಳಲು 10 ದಿನ ಮಾತ್ರ ಅವಕಾಶ, ಅಷ್ಟರೊಳಗೆ ಪ್ರಿಂಟರನ್ನೂ ಲೆಕ್ಕದ ಪ್ರೋಗ್ರಾಮನ್ನೂ ನಡೆಸಿ ನೋಡಿ.